ಕಡಲಿನ ಲೇಖಕಿ ರೇಚಲ್ ಕಾರ್ಸನ್

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ರಾಯಚೂರು ನಗರವು ಈ ನಾಡಿನಲ್ಲಿದೆ. ದೇವದುರ್ಗದ ಸೀಮೆ ಕೃಷ್ಣೆಯ ಕಡೆಗೆ ಚಾಚಿದೆ. ಮಾನ್ವಿಯ ಸೀಮೆ ತುಂಗಭದ್ರೆಯ ಕಡೆಗೆ ಚಾಚಿದೆ. ಇಲ್ಲಿಂದ ಕಡಲು ಬಹು ದೂರ. ಅಲೆಯ ಮೊರೆತವನ್ನು ಒಮ್ಮೆಯೂ ಕೇಳದೆ ಬಾಳಿ ಮುಗಿಸಿದ ಹಿರಿಯರು ಈ ಹಳ್ಳಿಗಳಲ್ಲಿ ಎಷ್ಟೋ ಮಂದಿ. ಆದರೆ ಇಲ್ಲಿನ ಹೊಲದ ಮೇಲೆ ಬಿದ್ದ ಮಳೆ ಹಳ್ಳಕ್ಕೆ ಇಳಿಯುತ್ತದೆ, ಹಳ್ಳದ ನೀರು ಹೊಳೆಗೆ ಸೇರುತ್ತದೆ. ಜಿಲ್ಲೆಯ ಎಲ್ಲೆ ದಾಟಿದ ಮೇಲೆ ಎರಡು ಹೊಳೆಗಳೂ ಒಂದಾಗಿ, ಶ್ರೀಶೈಲ ನಾಗಾರ್ಜುನಸಾಗರಗಳನ್ನು ಹಾದು, ವಿಜಯವಾಡವನ್ನು ಬಳಸಿ, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಕೂಡುತ್ತವೆ. ಕಡಲನ್ನು ಕಾಣದವನ ಹೊಲಕ್ಕೂ ಕಡಲಿಗೂ ಹೀಗೊಂದು ದಾರಿ ಉಂಟು. ಈ ದಾರಿಯನ್ನು ಜಗತ್ತಿಗೆ ತೋರಿಸಿಕೊಟ್ಟವಳು, ತಾನೂ ಕಡಲಿನಿಂದ ದೂರದ ಒಂದು ಹೊಳೆಯ ದಂಡೆಯಲ್ಲಿ ಹುಟ್ಟಿದ ರೇಚಲ್ ಕಾರ್ಸನ್ ಎಂಬ ಹೆಣ್ಣುಮಗಳು.

ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಅಲೆಘೆನಿ ಎಂಬ ನದಿ ಇದೆ. ಅದು ಪಿಟ್ಸ್‌ಬರ್ಗ್ ನಗರದಲ್ಲಿ ಇನ್ನೊಂದು ನದಿಯೊಡನೆ ಕೂಡಿ ಒಹಾಯೊ ಎಂಬ ಹೆಸರು ಪಡೆದು, ಮುಂದೆ ಮಿಸಿಸಿಪಿಯ ಜೊತೆ ಸೇರಿ ಮೆಕ್ಸಿಕೊ ಕೊಲ್ಲಿಗೆ ಬೀಳುತ್ತದೆ. ಈ ಅಲೆಘೆನಿಯ ದಂಡೆಯ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ 1907ರ ಮೇ 27ರಂದು ರೇಚಲ್ ಜನಿಸಿದಳು. ತಂದೆ ರಾಬರ್ಟ್ ಕಾರ್ಸನ್ ಅಲ್ಪಸ್ವಲ್ಪ ಜಮೀನು ಉಳ್ಳವನು, ವ್ಯವಹಾರದಲ್ಲಿ ಕೈಹತ್ತಿದವನಲ್ಲ. ತಾಯಿ ಮರಿಯಾ ಮದುವೆಗೆ ಮುಂಚೆ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದವಳು. ಮೂವರು ಮಕ್ಕಳಲ್ಲಿ ರೇಚಲಳೇ ಕಿರಿಯವಳು. ಮನೆಯ ಸುತ್ತಲಿನ ತೋಟ, ಕಾಡು, ಹಳ್ಳಗಳಲ್ಲಿ ತಾಯಿ ಮಗಳನ್ನು ಕೈಹಿಡಿದು ನಡೆಸಿ ಹಕ್ಕಿಗಳ ಹೆಸರನ್ನು ಹೇಳಿಕೊಟ್ಟಳು, ಹುಳುಹುಪ್ಪಟೆಗಳನ್ನು ತೋರಿಸಿದಳು. ಆ ಊರಿನ ಹೊಳೆಯ ದಂಡೆಯಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ತೆಗೆಯುವ ಸ್ಥಾವರವೂ, ದುರ್ವಾಸನೆ ಹರಡುವ ಸರೇಸಿನ ಕಾರ್ಖಾನೆಯೂ ಇದ್ದವು. ಕೃಷ್ಣೆಯ ದಂಡೆಯ ಶಕ್ತಿನಗರವನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ. ಹೊಳೆಯೆಂದರೆ ನೀರಷ್ಟೇ ಅಲ್ಲ, ಮನುಷ್ಯನು ಅದಕ್ಕೆ ಎಸೆದುದೆಲ್ಲವೂ ಹೌದೆಂಬುದನ್ನು ಆ ಹುಡುಗಿ ಬಾಲ್ಯದಲ್ಲಿಯೇ ಕಂಡಳು.

ಬರೆಯುವ ಹುಚ್ಚು ಆಕೆಗೆ ಬೇಗನೆ ಹಿಡಿಯಿತು. 1918ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಆಕೆಯ ಕಥೆ ಅಚ್ಚಾಯಿತು. 1925ರಲ್ಲಿ ಪಿಟ್ಸ್‌ಬರ್ಗಿನ ಮಹಿಳಾ ಕಾಲೇಜನ್ನು ಸೇರಿದಾಗ ಆಕೆ ಆರಿಸಿಕೊಂಡದ್ದು ಇಂಗ್ಲಿಷ್ ಸಾಹಿತ್ಯವನ್ನು. ಮಗಳ ಓದಿಗಾಗಿ ಹೆತ್ತವರು ಜಮೀನಿನ ತುಂಡುಗಳನ್ನು ಮಾರಲು ಮುಂದಾದರು. ಮನೆಯ ಪಿಂಗಾಣಿ ಪಾತ್ರೆಗಳನ್ನು ಸಹ ತಾಯಿ ಮಾರಿದಳು. ಇಂತಹ ಓದಿನ ನಡುವೆ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಕಿಯ ಜೀವಶಾಸ್ತ್ರದ ಪಾಠ ರೇಚಲಳ ಮನಸ್ಸನ್ನು ಸೆಳೆಯಿತು. ಆಕೆ ಸಾಹಿತ್ಯವನ್ನು ಬಿಟ್ಟು ವಿಜ್ಞಾನಕ್ಕೆ ಹೊರಳಿದಳು. ಹೆಣ್ಣಿಗೆ ವಿಜ್ಞಾನದಲ್ಲಿ ಜೀವನೋಪಾಯ ದೊರೆಯುವುದು ಕಷ್ಟವೆಂದು ಹಿತೈಷಿಗಳು ಎಚ್ಚರಿಸಿದರು. ಲೇಖಕಿಯಾಗುವ ಆಸೆಯನ್ನು ಕೈಬಿಟ್ಟೆನೆಂದೇ ಆಕೆಗೂ ಅನಿಸಿತ್ತು. ಬರೆಯುವುದಕ್ಕೆ ಬೇಕಾದ ವಸ್ತು ಆ ದಾರಿಯಲ್ಲೇ ಕಾದಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ.

1929ರ ಬೇಸಗೆಯಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ರೇಚಲ್ ಮೊದಲ ಬಾರಿಗೆ ಕಡಲನ್ನು ಕಂಡಳು. ಪದವಿ ಮುಗಿಸಿದ ಆಕೆಗೆ ಮ್ಯಾಸಚೂಸೆಟ್ಸ್ ರಾಜ್ಯದ ವುಡ್ಸ್ ಹೋಲ್ ಎಂಬಲ್ಲಿನ ಸಾಗರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲವು ವಾರ ಕಲಿಯುವ ಅವಕಾಶ ದೊರೆಯಿತು. ಉಬ್ಬರವಿಳಿತಗಳ ನಡುವೆ ಬಂಡೆಗಳ ಹೊಂಡಗಳಲ್ಲಿ ಉಳಿದ ಜೀವಿಗಳನ್ನು ಆಕೆ ಗಂಟೆಗಟ್ಟಲೆ ಬಗ್ಗಿ ನೋಡಿದಳು. ಪುಸ್ತಕದಲ್ಲಿ ಓದಿ ಬಯಸಿದ್ದ ಕಡಲು ಎದುರಿಗೆ ನಿಂತಿತ್ತು. ಮುಂದಿನ ಮೂವತ್ತೈದು ವರ್ಷಗಳ ಬಾಳು ಇಲ್ಲಿ ಗೊತ್ತಾಯಿತೆಂದರೆ ತಪ್ಪಾಗದು.

ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ 1932ರಲ್ಲಿ ಪ್ರಾಣಿಶಾಸ್ತ್ರದ ಎಂ.ಎ. ಪದವಿ ಬಂದಿತು. ಡಾಕ್ಟರೇಟಿನ ಓದು ಹಣವಿಲ್ಲದೆ ಅರ್ಧಕ್ಕೆ ನಿಂತಿತು. ಅದು ಆರ್ಥಿಕ ಮಹಾಕುಸಿತದ ಕಾಲ. 1935ರಲ್ಲಿ ತಂದೆ ತೀರಿಕೊಂಡನು. 1937ರಲ್ಲಿ ಅಕ್ಕ ಮರಿಯನ್ ತೀರಿಕೊಂಡಳು. ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಹೊಣೆ ರೇಚಲಳ ಮೇಲೆಯೂ ವೃದ್ಧ ತಾಯಿಯ ಮೇಲೆಯೂ ಬಿದ್ದಿತು. ಮದುವೆಯಾಗದ ಈ ಹೆಣ್ಣುಮಗಳು ಒಂದು ತುಂಬಿದ ಮನೆಯ ಯಜಮಾನಿಯಾದಳು. ಆಕೆಯ ಬರಹವನ್ನು ಮೆಚ್ಚುವವರು ಈ ಮಾತನ್ನು ಮರೆಯಲಾಗದು: ಆಕೆಯ ಮೊದಮೊದಲ ಪುಸ್ತಕಗಳು ಹಗಲಿನ ದುಡಿಮೆ, ಮನೆಯ ಚಾಕರಿ ಇವೆರಡೂ ಮುಗಿದ ಮೇಲೆ ರಾತ್ರಿಯ ಹೊತ್ತಿನಲ್ಲಿ ಮೊದಲಾದವು.

ಹೊಟ್ಟೆಪಾಡಿಗೆ ದೊರೆತ ಕೆಲಸವೂ ಕಡಲಿಗೆ ಸೇರಿದ್ದೇ ಆಯಿತು. ಸರ್ಕಾರದ ಮೀನುಗಾರಿಕೆ ಇಲಾಖೆಯವರು ಜಲಜೀವಿಗಳನ್ನು ಕುರಿತು ರೇಡಿಯೊದಲ್ಲಿ ಏಳು ಏಳು ನಿಮಿಷಗಳ ಐವತ್ತೆರಡು ಕಾರ್ಯಕ್ರಮಗಳನ್ನು ಪ್ರಸಾರ ಮಾಡಬೇಕೆಂದಿದ್ದರು. ವಿಜ್ಞಾನ ಬಲ್ಲವರಿಗೆ ಬರೆಯಲು ಬಾರದು, ಬರೆಯಬಲ್ಲವರಿಗೆ ವಿಜ್ಞಾನ ತಿಳಿಯದು ಎಂಬ ಪೇಚಿನಲ್ಲಿ ಅವರಿದ್ದಾಗ ರೇಚಲ್ ಆ ಕೆಲಸವನ್ನು ವಹಿಸಿಕೊಂಡಳು. 1936ರಲ್ಲಿ ಸ್ಪರ್ಧಾಪರೀಕ್ಷೆ ಬರೆದು, ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿ, ಆ ಇಲಾಖೆಯಲ್ಲಿ ಜಲಜೀವಶಾಸ್ತ್ರಜ್ಞೆಯ ಹುದ್ದೆಯನ್ನು ಪಡೆದಳು. ಇಂತಹ ಹುದ್ದೆಗೆ ಆ ಇಲಾಖೆ ನೇಮಿಸಿಕೊಂಡ ಹೆಂಗಸರಲ್ಲಿ ಆಕೆ ಎರಡನೆಯವಳು. ಮೀನಿನ ಲೆಕ್ಕ, ಬಲೆಯ ಲೆಕ್ಕ, ಕಡಲತೀರದ ವನ್ಯಧಾಮಗಳ ವರದಿ - ಇವೇ ದಿನದ ಕೆಲಸ. ಹದಿನೈದು ವರ್ಷಗಳ ಕಾಲ ಕಡಲನ್ನು ಕುರಿತ ಸರ್ಕಾರಿ ಕಾಗದಗಳೆಲ್ಲ ಆಕೆಯ ಮೇಜಿನ ಮೇಲೆ ಹಾದುಹೋದವು. ಇನ್ನೊಬ್ಬರಾಗಿದ್ದರೆ ಅವುಗಳ ಧೂಳಿನಲ್ಲಿ ಕಳೆದುಹೋಗುತ್ತಿದ್ದರು.

1941ರ ನವೆಂಬರಿನಲ್ಲಿ ಆಕೆಯ ಮೊದಲ ಪುಸ್ತಕ ಹೊರಬಂದಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು ಅಮೆರಿಕ ಯುದ್ಧಕ್ಕಿಳಿಯಿತು. ಹಕ್ಕಿ ಮೀನುಗಳ ಕಥೆಯನ್ನು ಕೇಳುವ ವ್ಯವಧಾನ ಯಾರಿಗಿತ್ತು? ಪುಸ್ತಕ ಅಂಗಡಿಯಲ್ಲಿಯೇ ಉಳಿಯಿತು. ರೇಚಲ್ ಮರಳಿ ಸರ್ಕಾರಿ ಕಾಗದಗಳ ಕಡೆಗೆ ತಿರುಗಿದಳು. 1949ರಲ್ಲಿ ಇಲಾಖೆಯ ಪ್ರಕಟಣೆಗಳಿಗೆಲ್ಲ ಪ್ರಧಾನ ಸಂಪಾದಕಿಯಾದಳು. ಅದೇ ವರ್ಷ ಎರಡು ಸಾಹಸಗಳನ್ನು ಮಾಡಿದಳು. ಫ್ಲಾರಿಡದ ಕಡಲಿನಲ್ಲಿ ಲೋಹದ ಶಿರಸ್ತ್ರಾಣವನ್ನು ತೊಟ್ಟು ನೀರಿನ ಅಡಿಗೆ ಇಳಿದಳು. ಗಾಳಿ ನೀರು ಎರಡೂ ಪ್ರತಿಕೂಲವಾಗಿದ್ದುದರಿಂದ ಅಲ್ಲಿ ಇದ್ದುದು ಅಲ್ಪಕಾಲ, ಆದರೂ ಮೇಲ್ಮೈಯ ಕಡಲು ಬೇರೆ, ಒಳಗಿನ ಕಡಲು ಬೇರೆ ಎಂಬುದನ್ನು ಕಣ್ಣಾರೆ ತಿಳಿದಳು. ಬಳಿಕ ಆಲ್ಬಟ್ರಾಸ್ ಎಂಬ ಸಂಶೋಧನ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಹೊರಟಳು. ಗಂಡಸರೇ ಇದ್ದ ಹಡಗಿನಲ್ಲಿ ಒಬ್ಬ ಹೆಂಗಸು ಪಯಣಿಸುವುದು ಸರಿಯಲ್ಲವೆಂಬ ಆಕ್ಷೇಪ ಬಂದಿತು. ಇಬ್ಬರಾದರೆ ಅಡ್ಡಿಯಿಲ್ಲವೆಂದು ತೀರ್ಮಾನವಾಗಿ, ಆಕೆ ಒಬ್ಬ ಗೆಳತಿಯನ್ನು ಜೊತೆಗೆ ಕರೆದೊಯ್ಯಬೇಕಾಯಿತು! ವಿಜ್ಞಾನಕ್ಕೂ ಇಂತಹ ಮಡಿಮೈಲಿಗೆಗಳು ಇದ್ದ ಕಾಲವದು.

ಈ ಎಲ್ಲ ಅನುಭವದ ಫಲವಾಗಿ 1951ರ ಜುಲೈಯಲ್ಲಿ 'ದಿ ಸೀ ಅರೌಂಡ್ ಅಸ್' ಎಂಬ ಪುಸ್ತಕ ಪ್ರಕಟವಾಯಿತು. 'ನಮ್ಮ ಸುತ್ತಣ ಕಡಲು' ಎಂದು ಇದನ್ನು ಕನ್ನಡಿಸಬಹುದು. ಕಡಲು ಹುಟ್ಟಿದ ಬಗೆ, ಅದರ ತಳದ ಪರ್ವತಗಳು, ಬೆಳಕು ಸೇರದ ಆಳ, ಚಂದ್ರನ ಸೆಳೆತಕ್ಕೆ ಏಳುವ ಉಬ್ಬರ, ಗಾಳಿಯಿಂದ ಹುಟ್ಟುವ ಅಲೆ, ದ್ವೀಪಗಳ ಹುಟ್ಟುಸಾವು - ಇಂತಹ ವಿಷಯಗಳನ್ನು ಆಕೆ ಕಥೆಯಂತೆ ಓದಿಸಿಕೊಂಡು ಹೋಗುವ ಗದ್ಯದಲ್ಲಿ ಹೇಳಿದ್ದಳು. ಎಂಬತ್ತಾರು ವಾರಗಳ ಕಾಲ ಅದು ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ನಿಂತಿತು. 1952ರಲ್ಲಿ ಅದಕ್ಕೆ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಬಂದಿತು. ಹಲವು ಭಾಷೆಗಳಿಗೆ ಅನುವಾದವಾಯಿತು. ಇಷ್ಟು ವಿಷಯ ಬಲ್ಲ ಲೇಖಕರು ಗಡ್ಡದ ಮುದುಕರಿರಬೇಕೆಂದು ಓದುಗರು ಊಹಿಸಿಕೊಂಡಿದ್ದುದೂ ಉಂಟು. ಅದೇ ವರ್ಷ ಆಕೆ ನೌಕರಿಯನ್ನು ಬಿಟ್ಟಳು. ಮೇಯ್ನ್ ರಾಜ್ಯದ ಸೌತ್‌ಪೋರ್ಟ್ ದ್ವೀಪದಲ್ಲಿ ಕಡಲಿಗೆ ಮುಖಮಾಡಿದ ಒಂದು ಪುಟ್ಟ ಮನೆಯನ್ನು ಕಟ್ಟಿಸಿ, 1953ರಿಂದ ಬೇಸಗೆಗಳನ್ನು ಅಲ್ಲಿಯೇ ಕಳೆಯತೊಡಗಿದಳು.

ಈ ಪುಸ್ತಕ ಚಲನಚಿತ್ರವೂ ಆಯಿತು. ಆ ಕಥೆ ಸಿಹಿಯಾದುದಲ್ಲ. ಆರ್.ಕೆ.ಓ. ಎಂಬ ಚಿತ್ರಸಂಸ್ಥೆ ಹಕ್ಕುಗಳನ್ನು ಕೊಂಡಿತು. ಅರ್ವಿನ್ ಆಲನ್ ಎಂಬಾತ ಚಿತ್ರವನ್ನು ಸಿದ್ಧಪಡಿಸಿದನು. ಚಿತ್ರದ ಬರಹವನ್ನು ಓದಿದ ರೇಚಲ್ ದಂಗಾದಳು. ವಿಜ್ಞಾನದ ತಪ್ಪುಗಳು ಅಲ್ಲಲ್ಲಿ ತುಂಬಿದ್ದವು. ಕಡಲಿನ ಪ್ರಾಣಿಗಳಿಗೆ ಮನುಷ್ಯರ ಸ್ವಭಾವವನ್ನು ಹೊರಿಸಲಾಗಿತ್ತು. ಆಕೆ ತಪ್ಪುಗಳನ್ನು ಒಂದೊಂದಾಗಿ ಗುರುತಿಸಿ ಕಳುಹಿಸಿದಳು. ಆದರೆ ಒಪ್ಪಂದದಲ್ಲಿ ಆಕೆಗಿದ್ದುದು ಬರಹವನ್ನು ಓದಿ ಅಭಿಪ್ರಾಯ ಹೇಳುವ ಹಕ್ಕೇ ಹೊರತು ತಿದ್ದಿಸುವ ಅಧಿಕಾರವಲ್ಲ. ಚಿತ್ರ ತೆರೆಗೆ ಬಂದಿತು. 1953ರಲ್ಲಿ ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಪ್ರಶಸ್ತಿಯನ್ನು ಸಹ ಪಡೆಯಿತು. ಲೋಕ ಚಪ್ಪಾಳೆ ತಟ್ಟಿದ ಆ ಚಿತ್ರವನ್ನು ಆಕೆ ಮಾತ್ರ ತನ್ನದೆಂದು ಒಪ್ಪಿಕೊಳ್ಳಲಿಲ್ಲ. ಮುಂದೆ ತನ್ನ ಯಾವ ಪುಸ್ತಕದ ಚಿತ್ರದ ಹಕ್ಕನ್ನೂ ಮಾರಲಿಲ್ಲ. ಹಣಕ್ಕೆ ಎಂದೂ ಬಿಡುವಿಲ್ಲದ ಮನೆಯ ಹೆಣ್ಣು ತೆಗೆದುಕೊಂಡ ನಿರ್ಧಾರವಿದೆಂಬುದನ್ನು ನೆನೆಯಬೇಕು.

ಆದರೂ ಕಡಲನ್ನು ಒಳನಾಡಿನವರ ಬಳಿಗೆ ತರಬಲ್ಲ ಸಾಧನಗಳಲ್ಲಿ ಚಲನಚಿತ್ರಕ್ಕೆ ಸಮನಾದುದು ಮತ್ತೊಂದಿಲ್ಲ. ಫ್ರಾನ್ಸಿನ ಜಾಕ್ ಕೂಸ್ಟೊ 1956ರಲ್ಲಿ 'ಮೌನ ಜಗತ್ತು' ಎಂಬ ಅರ್ಥದ ತನ್ನ ಚಿತ್ರದಿಂದ ನೀರೊಳಗಿನ ಬಣ್ಣಗಳನ್ನು ಲಕ್ಷಾಂತರ ಮಂದಿಗೆ ತೋರಿಸಿದನು; ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಸಂದಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2004ರಲ್ಲಿ ಕಡಲಿನ ಚಿತ್ರಗಳಿಗಾಗಿಯೇ ಒಂದು ಉತ್ಸವ ಪ್ರಾರಂಭವಾಯಿತು. ಊರಿನ ಜನರೇ ಸೇರಿ, ಟಿಕೆಟ್ಟಿಲ್ಲದೆ, ಬಯಲಿನಲ್ಲೋ ಶಾಲೆಯಲ್ಲೋ ಇಂತಹ ಚಿತ್ರಗಳನ್ನು ತೋರಿಸುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆದಿದೆ. ಇದು ನಮಗೆ ಹೊಸದೇನೂ ಅಲ್ಲ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪನೆಯಾದ ಮೇಲೆ, ಸರ್ಕಾರದ ಪ್ರಚಾರ ವಾಹನಗಳು ಹಳ್ಳಿಹಳ್ಳಿಗೆ ಬಂದು, ಬಯಲಿನಲ್ಲಿ ಬಿಳಿಯ ಪರದೆ ಕಟ್ಟಿ ಸಾಕ್ಷ್ಯಚಿತ್ರಗಳನ್ನು ಬಿಟ್ಟಿಯಾಗಿ ತೋರಿಸುತ್ತಿದ್ದವು. ಪರದೆಯ ಎರಡು ಬದಿಗೂ ಜನ ಕುಳಿತು ನೋಡುತ್ತಿದ್ದರು. ಹಾಗೆ ನೋಡಿದವರಲ್ಲಿ ಕಡಲನ್ನು ಮೊದಲು ಕಂಡದ್ದು ಆ ಪರದೆಯ ಮೇಲೆಯೇ ಎಂಬವರು ಕಡಮೆಯಿರಲಾರರು. ಇಷ್ಟು ಜನ ನಂಬಿ ನೋಡುವ ಪರದೆಯ ಮೇಲೆ ಸುಳ್ಳು ಬರಬಾರದೆಂಬುದೇ ರೇಚಲಳ ಹಟವಾಗಿತ್ತು.

1955ರಲ್ಲಿ ಕಡಲಂಚಿನ ಜೀವಿಗಳನ್ನು ಕುರಿತ ಮೂರನೆಯ ಪುಸ್ತಕ ಬಂದಿತು. 1957ರಲ್ಲಿ, ತಾನು ಸಾಕಿ ಬೆಳೆಸಿದ ಅಕ್ಕನ ಮಗಳೊಬ್ಬಳು ತೀರಿಕೊಳ್ಳಲು, ಆಕೆಯ ಐದು ವರ್ಷದ ಮಗ ರೋಜರನನ್ನು ರೇಚಲ್ ದತ್ತು ತೆಗೆದುಕೊಂಡಳು. ಆಗ ಆಕೆಗೆ ಐವತ್ತು ವರ್ಷ. ಕಡಲನ್ನು ಕುರಿತು ಬರೆಯುತ್ತ, ಹುಡುಗನನ್ನು ಬೆಳೆಸುತ್ತ, ಹೆಸರು ಮನ್ನಣೆಗಳೊಡನೆ ಉಳಿದ ಕಾಲವನ್ನು ಸುಖವಾಗಿ ಕಳೆಯಬಹುದಾಗಿತ್ತು.

1958ರ ಜನವರಿಯಲ್ಲಿ ಒಂದು ಕಾಗದ ಬಂದಿತು. ಓಲ್ಗಾ ಹಕಿನ್ಸ್ ಎಂಬ ಗೆಳತಿಯ ಮನೆಯ ಹಿತ್ತಿಲಲ್ಲಿ ಹಕ್ಕಿಗಳಿಗೆ ಮೀಸಲಾದ ಒಂದು ತಾಣವಿತ್ತು. ಸೊಳ್ಳೆಗಳನ್ನು ಕೊಲ್ಲಲೆಂದು ಸರ್ಕಾರದ ವಿಮಾನ ಡಿ.ಡಿ.ಟಿ.ಯನ್ನು ಚೆಲ್ಲಿ ಹೋದ ಮೇಲೆ ಹಾಡುವ ಹಕ್ಕಿಗಳು ಅಲ್ಲಿ ಸತ್ತು ಬಿದ್ದವು. ಇದನ್ನು ತಡೆಯಬಲ್ಲವರು ಯಾರು ಎಂದು ಆಕೆ ಕೇಳಿದ್ದಳು. ರೇಚಲ್ ವಿಚಾರಿಸುತ್ತ ಹೊರಟಳು. ವಿಚಾರಿಸಿದಷ್ಟೂ ವಿಷಯ ಬೆಳೆಯಿತು.

ಡಿ.ಡಿ.ಟಿ. ಅಂದಿನ ಜಗತ್ತಿಗೆ ಸಂಜೀವಿನಿಯಂತೆ ಕಂಡಿದ್ದಿತು. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಪೌಲ್ ಮ್ಯೂಲರನಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ಬಂದಿತ್ತು. ಯುದ್ಧಕಾಲದಲ್ಲಿ ಅದು ಸೈನಿಕರನ್ನು ಹೇನಿನ ಜ್ವರದಿಂದ ಉಳಿಸಿತು. ಭಾರತದಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನ ಮಲೇರಿಯದಿಂದ ನರಳುತ್ತಿದ್ದರು; 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಗಿ ಮನೆಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ, 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯೇ ಸರಿ. ರೇಚಲ್ ಅಲ್ಲಗಳೆಯಲಿಲ್ಲ. ಕೀಟನಾಶಕಗಳನ್ನು ಎಲ್ಲಿಯೂ ಬಳಸಲೇಬಾರದೆಂದು ಆಕೆ ಹೇಳಲಿಲ್ಲ. ಮನೆಯ ಗೋಡೆಗೆ ಹಚ್ಚುವುದು ಬೇರೆ, ಹೊಲ ಕಾಡು ಹೊಳೆಗಳ ಮೇಲೆ ವಿಮಾನದಿಂದ ಮಳೆಗರೆಯುವುದು ಬೇರೆ. ವಿವೇಚನೆಯಿಲ್ಲದೆ ಬಳಸಿದರೆ ಕೀಟಗಳೇ ಆ ವಿಷವನ್ನು ಅರಗಿಸಿಕೊಳ್ಳುವ ಶಕ್ತಿ ಪಡೆದು, ಬೇಕಾದಾಗ ಮದ್ದು ಕೈಕೊಡುತ್ತದೆಂಬುದನ್ನು ಆಕೆ ಮುಂದಾಗಿಯೇ ತಿಳಿಸಿದಳು. 1976ರಲ್ಲಿ ಭಾರತದಲ್ಲಿ ಮಲೇರಿಯದ ರೋಗಿಗಳು ಮತ್ತೆ ಅರುವತ್ತು ಲಕ್ಷವನ್ನು ಮೀರಿದಾಗ, ಅದಕ್ಕಿದ್ದ ಹಲವು ಕಾರಣಗಳಲ್ಲಿ ಸೊಳ್ಳೆಗಳು ಪಡೆದುಕೊಂಡ ಈ ಶಕ್ತಿಯೂ ಒಂದಾಗಿತ್ತು.

ಕಡಲನ್ನು ಬಲ್ಲ ಆಕೆಗೆ ಎಲ್ಲಕ್ಕಿಂತ ಕಳವಳ ತಂದುದು ನೀರಿನ ವಿಷಯ. ಕೆನಡದ ಮಿರಾಮಿಚಿ ನದಿಯಲ್ಲಿ ಸಾಮನ್ ಎಂಬ ಮೀನುಗಳಿವೆ. ಅವು ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಮರಳಿ ತವರಿನ ಹೊಳೆಗೇ ಬರುತ್ತವೆ. 1954ರಲ್ಲಿ ಕಾಡಿನ ಮರಗಳನ್ನು ತಿನ್ನುವ ಹುಳುವನ್ನು ಕೊಲ್ಲಲು ವಿಮಾನಗಳಿಂದ ಡಿ.ಡಿ.ಟಿ. ಚೆಲ್ಲಿದರು. ಹುಳುವಿನ ಜೊತೆಗೆ ಹೊಳೆಯ ಕ್ರಿಮಿಕೀಟಗಳೂ ಸತ್ತವು. ಅವನ್ನು ತಿಂದು ಬದುಕುವ ಮರಿಮೀನುಗಳೂ ಸತ್ತವು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಬಹುಮಟ್ಟಿಗೆ ಯಾವುವೂ ಉಳಿಯಲಿಲ್ಲ. ಫ್ಲಾರಿಡದ ಕಡಲಂಚಿನ ಜವುಗಿನಲ್ಲಿ 1955ರಲ್ಲಿ ನೊರಜುಗಳನ್ನು ಕೊಲ್ಲಲು ಡೀಲ್ಡ್ರಿನ್ ಎಂಬ ವಿಷವನ್ನು ಹಾಕಿದಾಗ ಸುಮಾರು 11,75,000 ಮೀನುಗಳು ಸತ್ತವೆಂದು ಪರೀಕ್ಷಕರು ಎಣಿಕೆ ಮಾಡಿದರು, ಏಡಿಗಳೂ ನಿರ್ಮೂಲವಾದವು.

ಇನ್ನೊಂದು ಉದಾಹರಣೆ ಇವೆಲ್ಲಕ್ಕಿಂತ ವಿಚಿತ್ರವಾದುದು. ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ಡಿ.ಡಿ.ಟಿ.ಯ ಸಂಬಂಧಿಯಾದ ಒಂದು ವಿಷವನ್ನು ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನಷ್ಟು ಬೆರೆಸಿದ್ದರು. ಇಷ್ಟರಿಂದ ಏನಾದೀತೆಂದು ಎಲ್ಲರೂ ಭಾವಿಸಿದ್ದರು. ಮುಂದೆ ಮತ್ತೆರಡು ಬಾರಿ ಬೆರೆಸಿದರು. ನೀರಿನ ಪಾಚಿ ಆ ವಿಷವನ್ನು ಹೀರಿತು. ಪಾಚಿಯನ್ನು ತಿಂದ ಸಣ್ಣ ಜೀವಿಗಳಲ್ಲಿ ಅದು ಹೆಚ್ಚಾಯಿತು. ಅವನ್ನು ತಿಂದ ಮೀನಿನಲ್ಲಿ ಇನ್ನೂ ಹೆಚ್ಚಾಯಿತು. ಮೀನನ್ನು ತಿಂದ ಗ್ರೀಬ್ ಎಂಬ ನೀರುಹಕ್ಕಿಗಳು ಸತ್ತಾಗ ಅವುಗಳ ಕೊಬ್ಬನ್ನು ಪರೀಕ್ಷಿಸಲಾಗಿ, ಹತ್ತು ಲಕ್ಷ ಪಾಲಿಗೆ 1,600 ಪಾಲು ವಿಷ ಕಂಡುಬಂದಿತು. ಒಂದು ಸಾವಿರ ಜೋಡಿಗಳಿದ್ದಲ್ಲಿ ಮೂವತ್ತು ಜೋಡಿಗಳು ಉಳಿದವು. ನೀರಿನಲ್ಲಿ ಕಾಣದ ವಿಷ ಜೀವಿಯ ಮೈಯಲ್ಲಿ ಕೂಡಿಡುತ್ತ ಹೋಗುತ್ತದೆ. ಸಾಲಕ್ಕೆ ಬಡ್ಡಿ ಬೆಳೆಯುವಂತೆ, ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಅದು ಬೆಳೆಯುತ್ತದೆ. ಇದನ್ನು ಅರ್ಥಮಾಡಿಕೊಂಡವರಿಗೆ ಕಡಲೆಂಬುದು ಎಲ್ಲ ವಿಷವನ್ನೂ ಕರಗಿಸಿಬಿಡುವ ಅಪಾರ ಜಲರಾಶಿ ಎಂಬ ಭ್ರಮೆ ಉಳಿಯದು. 1961ರಲ್ಲಿ 'ದಿ ಸೀ ಅರೌಂಡ್ ಅಸ್' ಪುಸ್ತಕದ ಹೊಸ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ಪರಮಾಣು ಕಸವನ್ನು ಕಡಲಿಗೆ ಎಸೆಯುವುದರ ಅಪಾಯವನ್ನು ಆಕೆ ಇದೇ ಕಾರಣದಿಂದ ಎತ್ತಿ ತೋರಿಸಿದಳು.

ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದ ಮೇಲೆ, ಭತ್ತ ಹತ್ತಿಗಳ ಜೊತೆಗೆ ಕೀಟನಾಶಕದ ಡಬ್ಬಿಗಳೂ ಈ ಸೀಮೆಯ ಹೊಲಗಳಿಗೆ ಬಂದವು. ಇಲ್ಲಿನ ರೈತರು ಅದನ್ನು ಎಣ್ಣೆಯೆಂದೋ ಔಷಧಿಯೆಂದೋ ಕರೆಯುತ್ತಾರೆ. ವಿಷವೆಂದು ಕರೆಯುವವರು ವಿರಳ. ಹೆಸರು ಮೃದುವಾದರೆ ಭಯವೂ ಕಡಮೆಯಾಗುವುದು ಸಹಜ. ಡಬ್ಬಿ ತೊಳೆದ ನೀರು ಕಾಲುವೆಗೆ, ಕಾಲುವೆಯ ಬಸಿನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ಮಿರಾಮಿಚಿಯ ಕಥೆ ಇಲ್ಲಿಗೂ ಸಲ್ಲುತ್ತದೆ.

ಪುಸ್ತಕವನ್ನು ಬರೆಯಲು ನಾಲ್ಕು ವರ್ಷಗಳು ಹಿಡಿದವು. ಈ ನಾಲ್ಕು ವರ್ಷಗಳು ಆಕೆಯ ಬಾಳಿನ ಅತ್ಯಂತ ಕಠಿನವಾದ ಕಾಲ. 1958ರ ಡಿಸೆಂಬರಿನಲ್ಲಿ ತಾಯಿ ಅಗಲಿದಳು. 1960ರಲ್ಲಿ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಅದು ಕ್ಯಾನ್ಸರೆಂಬುದನ್ನು ವೈದ್ಯರು ಮೊದಲು ಆಕೆಗೆ ತಿಳಿಸಲಿಲ್ಲ. ತಿಳಿದಾಗ ರೋಗ ಹರಡಿತ್ತು. ಕೀಲುನೋವು, ಕಣ್ಣಿನ ಉರಿಯೂತ, ವಿಕಿರಣ ಚಿಕಿತ್ಸೆಯ ಸುಸ್ತು ಇವುಗಳ ನಡುವೆ ಆಕೆ ಒಂದೊಂದು ಸಂಗತಿಗೂ ಆಧಾರವನ್ನು ಹುಡುಕಿ, ತಜ್ಞರಿಗೆ ತೋರಿಸಿ, ತಿದ್ದಿ ಬರೆದಳು. ರೋಗದ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಕ್ಯಾನ್ಸರಿನ ಭಯದಿಂದ ಬರೆದಳೆಂದು ವಿರೋಧಿಗಳು ಹೇಳಿಯಾರೆಂಬ ಶಂಕೆ ಅದಕ್ಕೆ ಕಾರಣ. 1962ರ ಸೆಪ್ಟೆಂಬರ್ 27ರಂದು 'ಸೈಲೆಂಟ್ ಸ್ಪ್ರಿಂಗ್' ಪ್ರಕಟವಾಯಿತು. ಹಕ್ಕಿಯ ದನಿಯಿಲ್ಲದ ವಸಂತ ಎಂಬುದು ಆ ಹೆಸರಿನ ಆಶಯ.

ರಾಸಾಯನಿಕ ಉದ್ಯಮ ಒಟ್ಟಾಗಿ ಎದ್ದು ನಿಂತಿತು. ಪ್ರಕಟಣೆಗೆ ಮುಂಚೆಯೇ ಒಂದು ಕಂಪನಿ ಪ್ರಕಾಶಕರಿಗೆ ಮೊಕದ್ದಮೆಯ ಬೆದರಿಕೆ ಹಾಕಿತು. ಉದ್ಯಮದ ಸಂಘ ಆಕೆಯ ವಿರುದ್ಧ ಪ್ರಚಾರಕ್ಕಾಗಿ ಎರಡೂವರೆ ಲಕ್ಷ ಡಾಲರುಗಳಿಗಿಂತ ಹೆಚ್ಚು ವೆಚ್ಚ ಮಾಡಿತು. ಆಕೆಗೆ ಡಾಕ್ಟರೇಟ್ ಇಲ್ಲವೆಂದರು, ಭಾವುಕಳಾದ ಹೆಂಗಸೆಂದರು, ದೇಶದ್ರೋಹಿಯೆಂದು ಸೂಚಿಸಿದವರೂ ಇದ್ದರು. ಮದುವೆಯಾಗದವಳಿಗೆ ಮುಂದಿನ ಪೀಳಿಗೆಯ ಚಿಂತೆಯೇಕೆಂದು ಕೇಳುವಷ್ಟರ ಮಟ್ಟಿಗೆ ಮಾತು ಇಳಿಯಿತು. ಆಧಾರಗಳನ್ನು ಖಂಡಿಸಲಾಗದವರು ವ್ಯಕ್ತಿಯನ್ನು ಖಂಡಿಸುವುದು ಎಲ್ಲ ದೇಶಗಳಲ್ಲಿಯೂ ಕಾಣುವ ರೀತಿ.

ಆಗ ಪರದೆ ಎರಡನೆಯ ಬಾರಿ ಆಕೆಯ ಬಾಳಿನಲ್ಲಿ ಬಂದಿತು. ಸಿ.ಬಿ.ಎಸ್. ಎಂಬ ಟೆಲಿವಿಷನ್ ಸಂಸ್ಥೆ ಆಕೆಯ ಪುಸ್ತಕವನ್ನು ಕುರಿತು ಒಂದು ಗಂಟೆಯ ಚಿತ್ರವನ್ನು ಸಿದ್ಧಪಡಿಸಿತು. ಪ್ರಸಾರಕ್ಕೆ ಮುನ್ನ ಐವರು ಜಾಹೀರಾತುದಾರರಲ್ಲಿ ಮೂವರು ಹಿಂದೆ ಸರಿದರು. ಆದರೂ 1963ರ ಏಪ್ರಿಲ್ 3ರ ರಾತ್ರಿ ಅದು ಮನೆಮನೆಯಲ್ಲಿ ಕಾಣಿಸಿಕೊಂಡಿತು. ಒಂದು ಕೋಟಿಗೂ ಮಿಕ್ಕಿ ಜನ ನೋಡಿದರೆಂದು ಅಂದಾಜು. ಒಂದು ಕಡೆ ಬಿಳಿಯ ಕೋಟು ತೊಟ್ಟು, ಕೀಟನಾಶಕವಿಲ್ಲದಿದ್ದರೆ ಮನುಷ್ಯಕುಲ ಕತ್ತಲ ಯುಗಕ್ಕೆ ಮರಳುವುದೆಂದು ಅಬ್ಬರಿಸುವ ಉದ್ಯಮದ ವಿಜ್ಞಾನಿ. ಇನ್ನೊಂದು ಕಡೆ ತನ್ನ ಮನೆಯ ಕುರ್ಚಿಯಲ್ಲಿ ಕುಳಿತು ಮೆಲುದನಿಯಲ್ಲಿ, ಒಂದು ಮಾತೂ ಹೆಚ್ಚಾಗದಂತೆ ವಿವರಿಸುವ ರೇಚಲ್. ಆಕೆ ಎಷ್ಟು ಅಸ್ವಸ್ಥಳೆಂಬುದು ನೋಡಿದವರಿಗೆ ತಿಳಿಯದು. ಭಾವುಕಳೆಂಬ ಆರೋಪ ಆ ಒಂದು ಗಂಟೆಯಲ್ಲಿ ತಾನಾಗಿಯೇ ಬಿದ್ದುಹೋಯಿತು. ಮೇ 15ರಂದು ಅಧ್ಯಕ್ಷ ಕೆನೆಡಿಯ ವಿಜ್ಞಾನ ಸಲಹಾ ಸಮಿತಿಯ ವರದಿ ಬಂದು, ಆಕೆಯ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೂನಿನಲ್ಲಿ ಆಕೆ ಸೆನೆಟ್ಟಿನ ಸಮಿತಿಯ ಎದುರು ಹೇಳಿಕೆಯನ್ನು ಕೊಟ್ಟಳು. ಆ ಬೇಸಗೆಯಲ್ಲಿ ಕೊನೆಯ ಬಾರಿಗೆ ಮೇಯ್ನಿನ ಕಡಲಂಚಿಗೆ ಹೋಗಿಬಂದಳು.

1964ರ ಏಪ್ರಿಲ್ 14ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಸಿಲ್ವರ್ ಸ್ಪ್ರಿಂಗಿನ ತನ್ನ ಮನೆಯಲ್ಲಿ ರೇಚಲ್ ಕಾರ್ಸನ್ ತೀರಿಕೊಂಡಳು. ಚಿತಾಭಸ್ಮದ ಒಂದು ಭಾಗವನ್ನು ತಾಯಿಯ ಸಮಾಧಿಯ ಪಕ್ಕದಲ್ಲಿ ಇಟ್ಟರು. ಉಳಿದುದನ್ನು ಗೆಳತಿ ಡೊರೊತಿ ಫ್ರೀಮನ್ ಮೇಯ್ನಿನ ಕಡಲಂಚಿನಲ್ಲಿ ಚೆಲ್ಲಿದಳು.

ಆಕೆಯ ಮಾತಿಗೆ ಅನಂತರವೂ ಸಾಕ್ಷಿಗಳು ಬರುತ್ತಲೇ ಇದ್ದವು. ಒಂದೇ ಒಂದು ಹೊಲವಿಲ್ಲದ ದಕ್ಷಿಣ ಧ್ರುವದ ಪೆಂಗ್ವಿನ್ ಹಕ್ಕಿಗಳ ಮೈಯಲ್ಲಿಯೂ ಡಿ.ಡಿ.ಟಿ. ಇರುವುದು 1966ರಲ್ಲಿ ಬೆಳಕಿಗೆ ಬಂದಿತು. 1972ರಲ್ಲಿ ಅಮೆರಿಕ ಬೇಸಾಯದಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಭಾರತ 1989ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಬೇರೆ ವಿಷಗಳು ಬಂದಿದ್ದವು. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಎಣ್ಮಕಜೆ ಮೊದಲಾದ ಹಳ್ಳಿಗಳ ಗೇರುತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿನ ಮಕ್ಕಳ ಅಂಗವೈಕಲ್ಯವನ್ನು ಕಂಡ ಜನರ ದೀರ್ಘ ಹೋರಾಟದ ಬಳಿಕ, 2011ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಅದನ್ನು ತಡೆಯಿತು. 'ಸೈಲೆಂಟ್ ಸ್ಪ್ರಿಂಗ್' ಪ್ರಕಟವಾಗಿ ಆಗ ನಲವತ್ತೆಂಟು ವರ್ಷಗಳು ಕಳೆದಿದ್ದವು.

ಆಕೆ ಸತ್ತ ಮರುವರ್ಷ, 1965ರಲ್ಲಿ, ಒಂದು ಪುಟ್ಟ ಪುಸ್ತಕ ಹೊರಬಂದಿತು. 1956ರಲ್ಲಿ ಪತ್ರಿಕೆಯೊಂದಕ್ಕೆ ಬರೆದಿದ್ದ ಲೇಖನವದು. ಅದನ್ನು ಹಿಗ್ಗಿಸಿ ಬರೆಯಬೇಕೆಂದು ಆಕೆ ಬಹಳ ಬಯಸಿದ್ದಳು, ಕಾಲ ಒದಗಲಿಲ್ಲ. ಅದರಲ್ಲಿ ವಿಷದ ಮಾತಿಲ್ಲ, ವಾದವಿಲ್ಲ. ರೋಜರ್ ಇನ್ನೂ ಇಪ್ಪತ್ತು ತಿಂಗಳ ಕೂಸಾಗಿದ್ದಾಗ, ಬಿರುಗಾಳಿಯ ಒಂದು ಇರುಳು, ಮಳೆ ಹನಿಯುತ್ತಿರಲು, ಆಕೆ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಡಲಂಚಿಗೆ ಕರೆದೊಯ್ದಳು. ಕತ್ತಲಲ್ಲಿ ಅಲೆಗಳು ಮೊರೆಯುತ್ತ ನೊರೆಯನ್ನು ಎರಚುತ್ತಿದ್ದವು. ಮುದುಕಿಯಾಗುತ್ತಿದ್ದ ಆಕೆಯೂ, ಮೊದಲ ಬಾರಿಗೆ ಕಡಲಿನ ಅಬ್ಬರವನ್ನು ಎದುರಿಸಿದ ಆ ಕೂಸೂ ಒಟ್ಟಿಗೆ ನಕ್ಕರು.